ಅಂಚೆಕಾರ್ಡಿನ ತೂತಿನಿಂದ ಕಂಡ ಚಂದ್ರ



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ನಾನು ವೃತ್ತಪತ್ರಿಕೆಯನ್ನು ಹರಡಿಕೊಂಡು ಕುಳಿತಿದ್ದ ಹೊತ್ತಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. 1989ರಲ್ಲಿ ಒಂಬತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಈಗ ಬೆಂಗಳೂರಿನಲ್ಲಿ ಸರ್ಕಾರಿ ಇಲಾಖೆಯೊಂದರಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದೇವೆ. ಆ ತರಗತಿಯಲ್ಲಿ ಓದಿದವರಿಗೆ ಯಾರೆಂದು ತಿಳಿದೀತು. ತಿಳಿದವರು ದಯವಿಟ್ಟು ಸುಮ್ಮನಿರತಕ್ಕದ್ದು.

ಕುಶಲ ವಿಚಾರಿಸಿಯಾದ ಮೇಲೆ ಅವನು ವಿಷಯಕ್ಕೆ ಬಂದ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ನೀಟ್ ಪರೀಕ್ಷೆಯ ತರಬೇತಿಗೆ ಸೇರಿಸಿ, ಒಂದೇ ಕಂತಿನಲ್ಲಿ ದೊಡ್ಡ ಮೊತ್ತವನ್ನು ಕಟ್ಟಿದ್ದಾನೆ. ಆಕೆಯೋ, ಮನೆಯ ಹಿಂಬದಿಯ ಕಿಟಕಿಯ ಸಜ್ಜೆಯ ಕೆಳಗೆ ಕಣಜದ ಹುಳುಗಳು (ನಮ್ಮ ಕಡೆ ಕಡಜ ಎಂದೂ ಅನ್ನುತ್ತಾರೆ) ಕಟ್ಟಿದ ಗೂಡನ್ನು ನೋಡುತ್ತಾ ಗಂಟೆಗಟ್ಟಲೆ ಕುಳಿತುಬಿಡುತ್ತಾಳೆ. ಯಾವ ಹುಳು ಎಷ್ಟು ಹೊತ್ತಿಗೆ ಹೊರಗೆ ಹೋಯಿತು, ಏನು ತಂದಿತು, ಯಾರಿಗೆ ಕೊಟ್ಟಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಗೂಡನ್ನು ತೆಗೆಸಲು ಆಳನ್ನು ಕರೆಸಿದರೆ ಅಡ್ಡ ನಿಂತು ಅತ್ತಳಂತೆ. ಡಾಕ್ಟರಾಗುವುದು ಬೇಡ, ಹುಳುಗಳ ವಿಷಯ ಓದುತ್ತೇನೆ ಎನ್ನುತ್ತಾಳಂತೆ.

"ನಾನು ಹೇಳಿದರೆ ಕೇಳೋದಿಲ್ಲ ಸರ್. ನೀವು ಒಂದು ಮಾತು ಬುದ್ಧಿ ಹೇಳಿಬಿಡಿ. ಈ ವಯಸ್ಸಿನಲ್ಲಿ ಇಂಥ ಹುಚ್ಚೆಲ್ಲ ಇರುತ್ತೆ ಅಂತ ನಿಮಗೆ ಗೊತ್ತಲ್ಲ" ಎಂದ.

ಮೂವತ್ತೈದು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವನು ನಾನು. ಅದಕ್ಕಾಗಿಯೇ ಸಂಬಳ ಪಡೆದವನು. ಆದರೆ ಆ ದಿನ ನನ್ನ ಬಾಯಿಂದ ಮಾತು ಹೊರಡಲಿಲ್ಲ. "ಎರಡು ದಿನ ಬಿಟ್ಟು ಮಾತನಾಡುತ್ತೇನಪ್ಪಾ" ಎಂದು ಫೋನಿಟ್ಟೆ. ಏಕೆಂದರೆ ಕರೆ ಮಾಡಿದವನು ಆ ಅಂಚೆಕಾರ್ಡಿನ ಹುಡುಗ.

ಅದನ್ನು ಹೇಳಬೇಕು. ಆಗ ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿದ್ದೆ. ಬಿ.ಎಡ್. ಮುಗಿಸಿ ಆರೇಳು ವರ್ಷಗಳಾಗಿದ್ದವು. ಎಲ್ಲವೂ ನನಗೆ ಗೊತ್ತಿದೆ ಎಂಬ ನಂಬಿಕೆ ಉಪಾಧ್ಯಾಯನಿಗೆ ಅತ್ಯಂತ ಗಟ್ಟಿಯಾಗಿರುವ ಕಾಲವದು. ಬೆಳಕಿನ ವಕ್ರೀಭವನದ ಪಾಠ ನಡೆಯುತ್ತಿತ್ತು. ಹುಣ್ಣಿಮೆಯ ಚಂದ್ರ ಹುಟ್ಟುವಾಗ ಅಷ್ಟು ದೊಡ್ಡದಾಗಿ ಕಾಣುವುದು ಏಕೆ ಎಂದು ಯಾರೋ ಕೇಳಿದರು. ದಿಗಂತದ ಬಳಿ ಬೆಳಕು ದಪ್ಪನೆಯ ವಾಯುಮಂಡಲವನ್ನು ಹಾದು ಬರುವುದರಿಂದ, ಆ ಗಾಳಿಯೇ ಮಸೂರದಂತೆ ವರ್ತಿಸಿ ಚಂದ್ರನನ್ನು ಹಿಗ್ಗಿಸಿ ತೋರಿಸುತ್ತದೆ ಎಂದು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಬಲು ಸೊಗಸಾದ ವಿವರಣೆ. ಮಕ್ಕಳು ಬರೆದುಕೊಂಡರು.

ಹುಣ್ಣಿಮೆ ಕಳೆದ ಮಾರನೆಯ ದಿನ ಈ ಹುಡುಗ ಒಂದು ಅಂಚೆಕಾರ್ಡನ್ನು ಹಿಡಿದುಕೊಂಡು ಬಂದ. ಅವನ ತಂದೆ ಅಂಚೆ ಕಚೇರಿಯಲ್ಲಿದ್ದರು. ಕಾಗದಕ್ಕೆ ತೂತು ಹಾಕುವ ಯಂತ್ರದಿಂದ ಆ ಕಾರ್ಡಿಗೆ ಒಂದು ತೂತು ಹಾಕಿಸಿಕೊಂಡಿದ್ದ. ಸಂಜೆ ಚಂದ್ರ ಹುಟ್ಟಿದಾಗ ಕಾರ್ಡನ್ನು ತೋಳು ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗಿಂದ ನೋಡಿದ್ದ. ಚಂದ್ರ ಸುತ್ತಲೂ ಒಂದಿಷ್ಟು ಜಾಗ ಬಿಟ್ಟು ಅದರೊಳಗೆ ಕುಳಿತನಂತೆ. ರಾತ್ರಿ ಹತ್ತು ಗಂಟೆಗೆ ಚಂದ್ರ ಮೇಲೇರಿ ಸಣ್ಣದಾಗಿ ಕಾಣುವಾಗ ಮತ್ತೆ ಹಾಗೆಯೇ ನೋಡಿದ. ಸುತ್ತಲೂ ಅಷ್ಟೇ ಜಾಗ.

"ಸಾರ್, ಎರಡು ಸಲವೂ ಒಂದೇ ಅಳತೆ ಇತ್ತು. ದೊಡ್ಡದೇ ಆಗಿರಲಿಲ್ಲ ಸಾರ್" ಎಂದ.

ನಾನು ಏನು ಮಾಡಬೇಕಿತ್ತು? ಕಾರ್ಡನ್ನು ಕೈಗೆ ತೆಗೆದುಕೊಂಡು, "ನಾಳೆ ಸಂಜೆ ನಾನೂ ನೋಡುತ್ತೇನೆ" ಎನ್ನಬೇಕಿತ್ತು. ಅಷ್ಟು ಸಾಕಿತ್ತು. ನಾನು ಅಂದದ್ದು ಬೇರೆ: "ಚಂದ್ರನನ್ನು ಅಳೆಯೋದಕ್ಕೆ ಬಂದ ಸರ್ವೇಯರ್ ಸಾಹೇಬರು! ಪರೀಕ್ಷೆಯಲ್ಲಿ ತೂತಿನ ಕಥೆ ಬರೆದರೆ ತೂತಿನಂಥ ಸೊನ್ನೆಯನ್ನೇ ಹಾಕ್ತೀನಿ." ತರಗತಿ ಗೊಳ್ಳೆಂದು ನಕ್ಕಿತು. ಶಾಲೆ ಬಿಡುವವರೆಗೆ ಅವನಿಗೆ 'ಸರ್ವೇಯರ್' ಎಂಬ ಅಡ್ಡಹೆಸರು ಉಳಿಯಿತು. ಮುಂದೆ ಅವನು ಜಾಣನಾಗಿಯೇ ಓದಿದ. ಒಳ್ಳೆಯ ಅಂಕಗಳನ್ನು ತೆಗೆದ. ಆದರೆ ಪ್ರಶ್ನೆ ಕೇಳಲು ಎದ್ದು ನಿಂತದ್ದನ್ನು ನಾನು ಮತ್ತೆ ನೋಡಲಿಲ್ಲ.

ನಿವೃತ್ತಿಯಾಗುವವರೆಗೂ ಇದು ನನ್ನ ಮನಸ್ಸಿನಲ್ಲಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊಡೆದವನಿಗೆ ಪೆಟ್ಟು ಎಲ್ಲಿ ನೆನಪಿರುತ್ತದೆ? ನೆನಪು ಮಾಡಿಕೊಟ್ಟವನು ಆಫ್ರಿಕಾದ ಒಬ್ಬ ಶಾಲಾ ಬಾಲಕ.

ಅವನ ಹೆಸರು ಎರಾಸ್ಟೊ ಎಂಪೆಂಬಾ. 1963ರಲ್ಲಿ, ಆಗಿನ್ನೂ ಟಾಂಗಾನಿಕಾ ಎನ್ನಿಸಿಕೊಳ್ಳುತ್ತಿದ್ದ ಇಂದಿನ ತಾಂಜಾನಿಯಾದ ಮಗಾಂಬಾ ಎಂಬಲ್ಲಿನ ಶಾಲೆಯಲ್ಲಿ ಓದುತ್ತಿದ್ದ. ಅಲ್ಲಿ ಹುಡುಗರು ಹಾಲನ್ನು ಕಾಯಿಸಿ, ಸಕ್ಕರೆ ಬೆರೆಸಿ, ಆರಿಸಿ, ಶೀತಕದಲ್ಲಿಟ್ಟು ಐಸ್‌ಕ್ರೀಮು ಮಾಡಿಕೊಳ್ಳುತ್ತಿದ್ದರು. ಶೀತಕದಲ್ಲಿ ಜಾಗಕ್ಕೆ ನೂಕುನುಗ್ಗಲು. ಒಂದು ದಿನ, ಹಾಲು ಆರುವವರೆಗೆ ಕಾದರೆ ಜಾಗ ತಪ್ಪಿಹೋದೀತೆಂದು ಎಂಪೆಂಬಾ ಬಿಸಿಬಿಸಿ ಹಾಲನ್ನೇ ಒಳಗಿಟ್ಟುಬಿಟ್ಟ. ಇನ್ನೊಬ್ಬ ಹುಡುಗ ಕಾಯಿಸದ ಹಾಲನ್ನೇ ಇಟ್ಟಿದ್ದ. ಒಂದೂವರೆ ಗಂಟೆ ಕಳೆದು ನೋಡಿದರೆ, ಎಂಪೆಂಬಾನ ಹಾಲು ಗಟ್ಟಿಯಾಗಿತ್ತು, ಮತ್ತೊಬ್ಬನದು ಇನ್ನೂ ಗಟ್ಟಿಯಾಗಿರಲಿಲ್ಲ.

ಭೌತಶಾಸ್ತ್ರದ ಉಪಾಧ್ಯಾಯರನ್ನು ಕೇಳಿದ. ನಿನಗೆ ಗೊಂದಲವಾಗಿದೆ, ಹಾಗಾಗಲು ಸಾಧ್ಯವಿಲ್ಲ ಎಂದರು. ಹುಡುಗ ಸುಮ್ಮನಾದ, ಆದರೆ ಬಿಡಲಿಲ್ಲ. ಐಸ್‌ಕ್ರೀಮು ಮಾಡಿ ಮಾರುವವರನ್ನು ವಿಚಾರಿಸಿದ. ಬಿಸಿಯಾಗಿಯೇ ಇಟ್ಟರೆ ಬೇಗ ಆಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿತ್ತು! ಮುಂದೆ ಇರಿಂಗಾ ಎಂಬಲ್ಲಿನ ಹೈಸ್ಕೂಲಿಗೆ ಹೋದಾಗ, ವಸ್ತುಗಳು ತಣಿಯುವ ಬಗ್ಗೆ ನ್ಯೂಟನ್ನನ ನಿಯಮದ ಪಾಠ ಬಂದಿತು. ಮತ್ತೆ ಕೇಳಿದ. ಅಲ್ಲಿನ ಉಪಾಧ್ಯಾಯರು, ಇದು ಎಂಪೆಂಬಾನ ಭೌತಶಾಸ್ತ್ರವೇ ಹೊರತು ಲೋಕದ ಭೌತಶಾಸ್ತ್ರವಲ್ಲ ಎಂಬ ಅರ್ಥದ ಮಾತನಾಡಿ ನಗಿಸಿದರು. ಅಲ್ಲಿಂದ ಮುಂದೆ ಅವನು ಲೆಕ್ಕದಲ್ಲಿ ತಪ್ಪು ಮಾಡಿದರೂ ಅದು ಎಂಪೆಂಬಾನ ಗಣಿತ, ಇನ್ನೆಲ್ಲಿ ತಪ್ಪಿದರೂ ಎಂಪೆಂಬಾನದೇ ಶಾಸ್ತ್ರ ಎಂದು ತರಗತಿಯೆಲ್ಲ ಹಂಗಿಸತೊಡಗಿತು.

ಇದನ್ನು ಓದುತ್ತಿದ್ದವನು ಇಲ್ಲಿಗೆ ಬಂದಾಗ ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ. ಮೂವತ್ತು ವರ್ಷಗಳ ಹಿಂದಿನ ಆ 'ಸರ್ವೇಯರ್' ನೆನಪಾದ. ಎರಡು ಭೂಖಂಡಗಳ ಉಪಾಧ್ಯಾಯರು ಒಬ್ಬರನ್ನೊಬ್ಬರು ಕಾಣದೆ, ಒಂದೇ ಕೆಲಸವನ್ನು ಒಂದೇ ರೀತಿ ಮಾಡಿದ್ದೆವು.

ಎಂಪೆಂಬಾನ ಕಥೆ ಅಲ್ಲಿಗೆ ಮುಗಿಯಲಿಲ್ಲ. ದಾರ್ ಎಸ್ ಸಲಾಮ್‌ನ ವಿಶ್ವವಿದ್ಯಾಲಯ ಕಾಲೇಜಿನಿಂದ ಡೆನಿಸ್ ಆಸ್ಬೋರ್ನ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಅವರ ಶಾಲೆಗೆ ಭಾಷಣಕ್ಕೆ ಬಂದರು. ಎಂಪೆಂಬಾ ಎದ್ದು ನಿಂತು ಅದೇ ಪ್ರಶ್ನೆ ಕೇಳಿದ: ಒಂದೇ ಪ್ರಮಾಣದ ನೀರು, ಒಂದು 35 ಡಿಗ್ರಿಯದು, ಇನ್ನೊಂದು 100 ಡಿಗ್ರಿಯದು, ಶೀತಕದಲ್ಲಿಟ್ಟರೆ 100 ಡಿಗ್ರಿಯದೇ ಮೊದಲು ಹೆಪ್ಪುಗಟ್ಟುತ್ತದೆ, ಏಕೆ? ಸಹಪಾಠಿಗಳಿಗೆ ಅವಮಾನವಾಯಿತು. ಆಸ್ಬೋರ್ನ್ ಮಾತ್ರ ತಮಗೆ ತಿಳಿಯದೆಂದೂ ಪ್ರಯೋಗಾಲಯಕ್ಕೆ ಹಿಂದಿರುಗಿ ಮಾಡಿ ನೋಡುವುದಾಗಿಯೂ ಹೇಳಿದರು. ಹೇಳಿದಂತೆ ಮಾಡಿದರು ಕೂಡ. ಅವರಿಗೂ ನಂಬಿಕೆಯಿರಲಿಲ್ಲ. ಪ್ರಯೋಗ ಮಾಡಿದ ತಂತ್ರಜ್ಞನಂತೂ, ಬಿಸಿನೀರೇ ಮೊದಲು ಹೆಪ್ಪುಗಟ್ಟಿತು, ಸರಿಯಾದ ಉತ್ತರ ಬರುವವರೆಗೆ ಇನ್ನೂ ಮಾಡುತ್ತಿರುತ್ತೇವೆ ಎಂದನಂತೆ! 1969ರಲ್ಲಿ ಭೌತಶಾಸ್ತ್ರ ಬೋಧನೆಯ ನಿಯತಕಾಲಿಕವೊಂದರಲ್ಲಿ ಪ್ರಾಧ್ಯಾಪಕರೂ ಆ ಹುಡುಗನೂ ಜೊತೆಯಾಗಿ ಲೇಖನ ಪ್ರಕಟಿಸಿದರು. ಇಂದು ಅದಕ್ಕೆ 'ಎಂಪೆಂಬಾ ಪರಿಣಾಮ' ಎಂದೇ ಹೆಸರು.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು, ಇಲ್ಲವಾದರೆ ಇದು ಮಕ್ಕಳ ನೀತಿಕಥೆಯಾಗಿಬಿಡುತ್ತದೆ. ಎಂಪೆಂಬಾ ಗೆದ್ದ, ಉಪಾಧ್ಯಾಯರು ಸೋತರು ಎಂದು ಮುಗಿಸುವಂತಿಲ್ಲ. ಈ ಪರಿಣಾಮ ನಿಜವಾಗಿ ಇದೆಯೇ ಎಂಬುದರ ಬಗ್ಗೆ ಇಂದಿಗೂ ವಾದ ನಡೆದಿದೆ. 2016ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಎಚ್ಚರದಿಂದ ಪ್ರಯೋಗ ನಡೆಸಿ, ನಂಬತಕ್ಕ ಪುರಾವೆ ತಮಗೆ ದೊರೆಯಲಿಲ್ಲವೆಂದೂ, ಉಷ್ಣಮಾಪಕವನ್ನು ಇಡುವ ಜಾಗ ತುಸು ಬದಲಾದರೂ ಫಲಿತಾಂಶ ಬದಲಾಗಬಹುದೆಂದೂ ಬರೆದರು. ಬೇರೆ ಕೆಲವರು ಇದೆ ಎನ್ನುತ್ತಾರೆ. ನೀರು ಹೆಪ್ಪುಗಟ್ಟುವಂಥ ದಿನನಿತ್ಯದ ಸಂಗತಿಯೂ ಅಷ್ಟೊಂದು ಜಟಿಲ. ಹುಡುಗ ಸರಿಯೋ ತಪ್ಪೋ ಎಂಬುದಕ್ಕಿಂತ, ಆ ಮೊದಲ ಇಬ್ಬರು ಉಪಾಧ್ಯಾಯರು ನೋಡದೆಯೇ ಉತ್ತರ ಹೇಳಿದರು ಎಂಬುದು ನನ್ನನ್ನು ಚುಚ್ಚುತ್ತದೆ. ಶೀತಕ ಅವರ ಶಾಲೆಯಲ್ಲಿಯೇ ಇತ್ತು. ನನಗೋ, ಚಂದ್ರ ಪ್ರತಿ ತಿಂಗಳೂ ಶಾಲೆಯ ಹಿಂದಿನ ಗುಡ್ಡದ ಮೇಲೆಯೇ ಹುಟ್ಟುತ್ತಿದ್ದ.

ಓದಿದ ಮೇಲೆ ಮುಂದಿನ ಹುಣ್ಣಿಮೆಗೆ ನಾನು ತಾರಸಿ ಹತ್ತಿದೆ. ಮನೆಯಾಕೆ, "ಈ ಮಂಡಿ ಇಟ್ಟುಕೊಂಡು ರಾತ್ರಿ ಹೊತ್ತು ಮೆಟ್ಟಿಲು ಹತ್ತುವ ಕರ್ಮವೇನು" ಎಂದಳು. ತೂತು ಹಾಕಿದ ರಟ್ಟಿನ ತುಂಡೊಂದನ್ನು ಹಿಡಿದುಕೊಂಡು ಏಳು ಗಂಟೆಗೊಮ್ಮೆ, ಹತ್ತು ಗಂಟೆಗೊಮ್ಮೆ ನೋಡಿದೆ. ಹುಡುಗ ಹೇಳಿದ್ದು ಅಕ್ಷರಶಃ ಸರಿ. ಆಮೇಲೆ ಪುಸ್ತಕಗಳನ್ನು ಹುಡುಕಿ ಓದಿದೆ. ದಿಗಂತದ ಚಂದ್ರ ದೊಡ್ಡದಾಗಿ ಕಾಣುವುದು ನಮ್ಮ ಮಿದುಳು ಮಾಡುವ ಭ್ರಮೆ. ವಾಯುಮಂಡಲ ಅವನನ್ನು ಹಿಗ್ಗಿಸುವುದಿಲ್ಲ. ಬದಲಾಗಿ ಮೇಲಿಂದ ಕೆಳಕ್ಕೆ ತುಸು ಒತ್ತಿ ಚಪ್ಪಟೆ ಮಾಡುತ್ತದೆ. ಅಷ್ಟೇ ಅಲ್ಲ, ನೆತ್ತಿಯ ಮೇಲಿರುವಾಗಿಗಿಂತ ದಿಗಂತದಲ್ಲಿರುವಾಗ ಚಂದ್ರ ನಮ್ಮಿಂದ ಭೂಮಿಯ ಅರ್ಧವ್ಯಾಸದಷ್ಟು, ಎಂದರೆ ಸುಮಾರು 6,400 ಕಿಲೋಮೀಟರು, ಹೆಚ್ಚು ದೂರದಲ್ಲಿರುವುದರಿಂದ ಎಳ್ಳಷ್ಟು ಸಣ್ಣದಾಗಿಯೇ ಇರುತ್ತಾನೆ. ಮಿದುಳು ಹೀಗೇಕೆ ಮೋಸಹೋಗುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ನಾನು ಕಪ್ಪುಹಲಗೆಯ ಮೇಲೆ ಅಷ್ಟು ಚೆಂದವಾಗಿ ಬರೆದದ್ದು ತಪ್ಪು. ಎಷ್ಟು ತರಗತಿಗಳಿಗೆ ಅದನ್ನು ಹೇಳಿದೆನೋ! ನನ್ನಿಂದ ಅದನ್ನು ಕಲಿತವರೆಲ್ಲ ಇಂದೇ ಅಳಿಸಿಹಾಕಿಕೊಳ್ಳಬೇಕಾಗಿ ವಿನಂತಿ.

ಸಂದೇಹ ಎಂಬ ಮಾತು ಈಗ ಬಹಳ ಅಗ್ಗವಾಗಿದೆ ಎಂಬುದೂ ನನಗೆ ಗೊತ್ತು. ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿಯೇ ಲಸಿಕೆಯ ಮೇಲೆ ಸಂದೇಹಪಡುವವರಿದ್ದಾರೆ, ಮನುಷ್ಯ ಚಂದ್ರನ ಮೇಲೆ ಇಳಿದದ್ದೇ ಸುಳ್ಳು ಎನ್ನುವವರಿದ್ದಾರೆ. (ಯಾರೆಂದು ಹೇಳುವುದಿಲ್ಲ, ಮುಂದಿನ ಗೃಹಪ್ರವೇಶದಲ್ಲಿ ಪಂಕ್ತಿಯಲ್ಲಿ ಜೊತೆಗೆ ಕೂರಬೇಕು.) ಪ್ರಶ್ನಿಸುವುದು ತಪ್ಪೇ ಎಂದು ಅವರು ನನ್ನನ್ನೇ ಕೇಳುತ್ತಾರೆ. ತಪ್ಪಲ್ಲ. ಆದರೆ ಆ ಹುಡುಗ ಎರಡು ಸಲ ಎದ್ದುಹೋಗಿ ನೋಡಿದ. ಎಂಪೆಂಬಾ ಬೀಕರಿನಲ್ಲಿ ನೀರು ಹಿಡಿದ. ಇವರು ಬೆರಳಿನ ತುದಿಯಿಂದ ಮುಂದಕ್ಕೆ ಕಳುಹಿಸುವುದರ ಹೊರತು ಇನ್ನೇನು ಮಾಡಿದ್ದಾರೆ? ತನ್ನ ಸಂದೇಹವೇ ತಪ್ಪಿರಬಹುದು ಎಂಬ ಸಂದೇಹವೂ ಜೊತೆಗಿಲ್ಲದಿದ್ದರೆ ಅದು ಬರಿಯ ಹಠ.

ನಿಜವಾದ ಸಂದೇಹಕ್ಕೆ ಎಷ್ಟು ದುಡಿಮೆ ಬೇಕು ಎಂಬುದಕ್ಕೆ ನಮ್ಮ ಸರ್ ಸಿ.ವಿ. ರಾಮನ್ನರಿಗಿಂತ ಬೇರೆ ಉದಾಹರಣೆ ಬೇಡ. ಫೆಬ್ರವರಿ 28ರಂದು ಪ್ರತಿ ಶಾಲೆಯಲ್ಲೂ ಮಕ್ಕಳು ಅವರ ಬಗ್ಗೆ ಕಂಠಪಾಠ ಮಾಡಿದ ಭಾಷಣ ಒಪ್ಪಿಸುತ್ತಾರೆ. ನಾನೇ ಎಷ್ಟೋ ವರ್ಷ ತೀರ್ಪುಗಾರನಾಗಿ ಕುಳಿತು, ಒಂದೂ ತಡವರಿಸದೆ ಒಪ್ಪಿಸಿದ ಮಗುವಿಗೆ ಸ್ಟೀಲಿನ ತಟ್ಟೆ ಕೊಟ್ಟಿದ್ದೇನೆ. ಪ್ರಶ್ನೆ ಕೇಳಿದ ಮಗುವಿಗೆ ಬಹುಮಾನ ಕೊಟ್ಟ ನೆನಪಿಲ್ಲ. 1921ರಲ್ಲಿ ಇಂಗ್ಲೆಂಡಿಗೆ ಹೋಗಿಬರುವಾಗ ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡರು. ಆ ನೀಲಿ ಬರಿಯ ಆಕಾಶದ ಪ್ರತಿಬಿಂಬ ಎಂಬುದು ಲಾರ್ಡ್ ರ್‍ಯಾಲೀ ಅವರಂಥ ಮಹಾ ವಿಜ್ಞಾನಿಯ ಮತವಾಗಿತ್ತು. ರಾಮನ್ ಬಳಿ ಒಂದು ಪುಟ್ಟ ನಿಕಲ್ ಪ್ರಿಸಮ್ ಇತ್ತು. ಅದನ್ನು ತಕ್ಕ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆಯಬಹುದು. ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು. ಅಂದರೆ ಬಣ್ಣ ನೀರಿನೊಳಗಿನಿಂದಲೇ ಬರುತ್ತಿದೆ. ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣವೆಂದು ರಾಮನ್ ಬರೆದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದು ಇನ್ನೂ ದೊಡ್ಡ ಕಾರಣ ಎಂದು ಈಗ ತಿಳಿದಿದೆ. ರಾಮನ್ನರ ಮಾತಿಗೂ ತಿದ್ದುಪಡಿ ಬಂದಿತು, ನೋಡಿ.

ಅಲ್ಲಿಂದ 1928ರವರೆಗೆ ಏಳು ವರ್ಷ. ನಡುವೆ 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ, ಚದುರಿದ ಬೆಳಕಿನಲ್ಲಿ ಬರಬಾರದ ಒಂದು ಮಂಕು ಬಣ್ಣ ಕಾಣಿಸಿತು. ದ್ರವದಲ್ಲಿ ಕಶ್ಮಲವಿರಬೇಕೆಂದು ಮತ್ತೆ ಮತ್ತೆ ಶುದ್ಧಗೊಳಿಸಿದರು. ಅದು ಹೋಗಲಿಲ್ಲ. ನಾನಾಗಿದ್ದರೆ ಮೂರನೆಯ ಸಲಕ್ಕೆ, ಬಾಟಲಿ ಸರಿಯಾಗಿ ತೊಳೆದಿಲ್ಲ ಎಂದು ಯಾರನ್ನಾದರೂ ಗದರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಬಿಡಲಿಲ್ಲ. ಆ ಹೋಗದ ಮಂಕು ಬೆಳಕೇ ಮುಂದೆ ರಾಮನ್ ಪರಿಣಾಮವಾಯಿತು.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕಣಜದ ಗೂಡಿನ ಮುಂದೆ ಕೂರುವುದು ಹುಚ್ಚು ಎಂದು ಅವಳ ತಂದೆ ಹೇಳಿದಾಗ ನನಗೆ ತಟ್ಟನೆ ನೆನಪಾದದ್ದು ಅದೇ ಬೆಂಗಳೂರಿನ ಪ್ರೊಫೆಸರ್ ರಾಘವೇಂದ್ರ ಗದಗ್ಕರ್. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದದ್ದು ಅಣು ಜೀವವಿಜ್ಞಾನದಲ್ಲಿ. ಆ ಕಾಲಕ್ಕೆ ಎಲ್ಲರೂ ಗೌರವಿಸುವ, ಭವಿಷ್ಯವುಳ್ಳ ವಿಷಯ. ಆದರೆ ಬಿಡುವಿನ ಹೊತ್ತಿನಲ್ಲಿ ಅವರು ನೋಡುತ್ತಿದ್ದುದು ಕಣಜದ ಗೂಡುಗಳನ್ನು. ಡಾಕ್ಟರೇಟ್ ಮುಗಿದ ಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಹವ್ಯಾಸವನ್ನೇ ವೃತ್ತಿ ಮಾಡಿಕೊಂಡರು. ರೋಪಲಿಡಿಯಾ ಮಾರ್ಜಿನೇಟಾ ಎಂಬ, ನಮ್ಮ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಒಂದೇ ಒಂದು ಜಾತಿಯ ಕಣಜದ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಹುಳುಗಳನ್ನು ಗುರುತಿಸಲು ಬಣ್ಣದ ಚುಕ್ಕೆ, ನೋಡಲು ಕಣ್ಣು, ಬರೆಯಲು ಪುಸ್ತಕ. ಮೊದಲಿಗೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ.

ಅವರು ಕಂಡುಕೊಂಡದ್ದರಲ್ಲಿ ಒಂದನ್ನಾದರೂ ಹೇಳದಿದ್ದರೆ ನನ್ನೊಳಗಿನ ಮೇಷ್ಟರಿಗೆ ಸಮಾಧಾನವಿಲ್ಲ. ಈ ಜಾತಿಯ ಗೂಡಿನಲ್ಲಿ ರಾಣಿಗೂ ಕೆಲಸಗಾರರಿಗೂ ನೋಟದಲ್ಲಿ ಭೇದವಿಲ್ಲ. ಇಂಥ ಸಣ್ಣ ಗೂಡುಗಳಲ್ಲಿ ರಾಣಿ ಎಲ್ಲರನ್ನೂ ಹೊಡೆದು ಬಡಿದು ಆಳುತ್ತಾಳೆ ಎಂಬುದು ಬೇರೆ ದೇಶಗಳ ಕಣಜಗಳನ್ನು ನೋಡಿದವರ ತಿಳಿವಳಿಕೆ. ಇವರು ತಮ್ಮ ಗೂಡುಗಳನ್ನು ನೋಡಿದರೆ, ಹುಳುಗಳಲ್ಲಿ ಸುಮ್ಮನೆ ಕೂರುವವು, ಜಗಳವಾಡುವವು, ಆಹಾರ ತರುವವು ಎಂದು ಮೂರು ಬಗೆಯಿದ್ದವು. ರಾಣಿ ಸುಮ್ಮನೆ ಕೂರುವವರ ಗುಂಪಿನಲ್ಲಿದ್ದಳು! ಪರಮ ಸಾಧು. ಆ ಸಾಧು ರಾಣಿಯನ್ನು ಗೂಡಿನಿಂದ ತೆಗೆದರೆ, ಸ್ವಲ್ಪ ಹೊತ್ತಿನಲ್ಲಿಯೇ ಒಬ್ಬ ಕೆಲಸಗಾರ್ತಿ ಮೈಮೇಲೆ ದೇವರು ಬಂದಂತೆ ಆರ್ಭಟಿಸತೊಡಗುತ್ತಾಳೆ. ರಾಣಿಯನ್ನು ಹಿಂದಕ್ಕೆ ಬಿಟ್ಟರೆ ತಣ್ಣಗಾಗುತ್ತಾಳೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡಲು ತೊಡಗಿ, ತಾನೂ ಸಾಧು ರಾಣಿಯಾಗಿಬಿಡುತ್ತಾಳೆ. ಮುಂದಿನ ರಾಣಿ ಯಾರೆಂದು ಮೊದಲೇ ಹೇಳಲು ನೋಡುವ ಮನುಷ್ಯರಿಗೆ ಸಾಧ್ಯವಾಗಲಿಲ್ಲ. ಹುಳುಗಳಿಗೆ ಮಾತ್ರ ಅದು ಗೊತ್ತಿರುವಂತೆ ತೋರುತ್ತದೆ, ಏಕೆಂದರೆ ಬೇರೆ ಯಾರೂ ಆಕೆಗೆ ಎದುರು ನಿಲ್ಲುವುದಿಲ್ಲ. ನಮ್ಮ ಮನೆಯ ಸಜ್ಜೆಯ ಕೆಳಗೆ ಇಷ್ಟೆಲ್ಲ ರಾಜಕೀಯ ನಡೆದಿರಬಹುದೆಂದು ಯಾರು ಎಣಿಸಿದ್ದರು? ಪೊರಕೆಯ ತುದಿಗೆ ಬಟ್ಟೆ ಸುತ್ತಿ ಬೆಂಕಿಯಿಡುವುದಷ್ಟೇ ನಮಗೆ ಗೊತ್ತಿದ್ದ ವಿದ್ಯೆ.

ಇದನ್ನೆಲ್ಲ ಹೇಳುವುದರಿಂದ, ಎಲ್ಲ ಮಕ್ಕಳೂ ಮನಸ್ಸು ಬಂದ ಹಾಗೆ ಹೋಗಲಿ, ಹೊಟ್ಟೆಪಾಡು ತಾನಾಗಿಯೇ ಆಗುತ್ತದೆ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಹೊಟ್ಟೆಪಾಡಿನ ಕಷ್ಟ ನಾನೂ ಬಲ್ಲೆ. ರಾಮನ್ನರೇ 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯಲ್ಲಿ ನೌಕರಿ ಮಾಡಿದರು. ಬೆಳಿಗ್ಗೆ ಕಚೇರಿಗೆ ಮೊದಲು, ಸಂಜೆ ಕಚೇರಿಯಾದ ಮೇಲೆ ಕಲ್ಕತ್ತೆಯ ಬೌಬಜಾರಿನ ಪ್ರಯೋಗಾಲಯ. 1917ರಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆತಾಗ, ಸಂಬಳ ಕಡಿಮೆಯಾದರೂ ನೌಕರಿ ಬಿಟ್ಟರು. ಗದಗ್ಕರರೂ ಹಿಡಿದ ಡಾಕ್ಟರೇಟನ್ನು ಮುಗಿಸಿಯೇ ಈ ಕಡೆ ಬಂದವರು. ಆಸಕ್ತಿಗೂ ಮೋಜಿಗೂ ವ್ಯತ್ಯಾಸವಿದೆ. ಬೇಸರ ಬಂದ ದಿನವೂ ಹೋಗಿ ನೋಡಿ ಬರೆದಿಡುತ್ತಾಳೆಯೇ ಎಂಬುದು ನನ್ನ ಮಟ್ಟಿಗೆ ಆ ವ್ಯತ್ಯಾಸ. ಆದ್ದರಿಂದ ಆ ನೋಟ್‌ಬುಕ್ಕಿನ ಪುಟಗಳ ಚಿತ್ರಗಳನ್ನು ಕಳುಹಿಸಲು ಹುಡುಗಿಗೆ ಹೇಳಿದೆ.

ಕಳುಹಿಸಿದಳು. ನಲವತ್ತೊಂದು ದಿನಗಳ ದಾಖಲೆ. ಒಂದೊಂದು ದಿನ ಎರಡೇ ಸಾಲು: 'ಮಳೆ. ಯಾರೂ ಹೊರಗೆ ಹೋಗಲಿಲ್ಲ. ಕೋಣೆಗಳಲ್ಲಿ ಬದಲಾವಣೆ ಇಲ್ಲ.' ಬದಲಾವಣೆ ಇಲ್ಲದ ದಿನ, ಬದಲಾವಣೆ ಇಲ್ಲವೆಂದು ಬರೆಯುವ ಮಗು! ಮೂವತ್ತೈದು ವರ್ಷಗಳಲ್ಲಿ ಎಷ್ಟೊಂದು ಪ್ರಯೋಗ ಪುಸ್ತಕಗಳಿಗೆ ಸಹಿ ಹಾಕಿದ್ದೇನೆ. ಬರಬೇಕಾದ ಉತ್ತರವನ್ನು ಮೊದಲೇ ತಿಳಿದುಕೊಂಡು ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ತುಂಬಿದ ಪುಸ್ತಕಗಳೇ ಅವುಗಳಲ್ಲಿ ಹೆಚ್ಚು. ನೀವು ಹಾಗೆ ಮಾಡುತ್ತಿದ್ದುದು ನನಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೀರಾ?

ಆಮೇಲೆ ಅವಳ ತಂದೆಗೆ ಕರೆ ಮಾಡಿದೆ. ಬುದ್ಧಿ ಹೇಳುವುದಕ್ಕೆ ಮೊದಲು ಕ್ಷಮೆ ಕೇಳುವುದಿತ್ತು. ಚಂದ್ರನ ವಿಷಯದಲ್ಲಿ ನೀನು ಸರಿ, ನಾನು ತಪ್ಪು, ಅಂದು ಅಷ್ಟು ಜನರ ಮುಂದೆ ನಗಿಸಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ.

"ಅಯ್ಯೋ, ಅದೆಲ್ಲ ಯಾಕೆ ಸರ್ ಈಗ. ನನಗೆ ನೆನಪೇ ಇಲ್ಲ" ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಅವನೇ, "ಆ ಕಾರ್ಡು ಡಿಗ್ರಿ ಮುಗಿಯೋವರೆಗೂ ನನ್ನ ಹತ್ರ ಇತ್ತು ಸರ್" ಎಂದ.

ನನಗೆ ತೋಚಿದ್ದನ್ನು ಹೇಳಿದೆ. ಹಣ ಕಟ್ಟಿದ್ದೀಯೆ, ಪರೀಕ್ಷೆ ಬರೆಯಲಿ. ಆದರೆ ಗೂಡಿಗೆ ಕೈ ಹಾಕಬೇಡ, ನೋಟ್‌ಬುಕ್ಕು ಕಿತ್ತುಕೊಳ್ಳಬೇಡ. ವಿಜ್ಞಾನ ಸಂಸ್ಥೆಯಲ್ಲಿಯೇ 2011ರಿಂದ ಪಿಯುಸಿ ಆದ ಮಕ್ಕಳಿಗೆ ವಿಜ್ಞಾನದ ನಾಲ್ಕು ವರ್ಷದ ಪದವಿಯಿದೆ. ಸೀಟು ಸುಲಭವಲ್ಲ, ಅದಕ್ಕೂ ಓದಬೇಕು, ಅದನ್ನು ಅವಳಿಗೇ ತಿಳಿಸು. ಮತ್ತು ಒಂದು ಸಂಜೆ ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ನೀನೂ ನೋಡು. ಅವನು "ನೋಡೋಣ ಸರ್" ಎಂದ. ಆ 'ನೋಡೋಣ'ಕ್ಕೆ ಕನ್ನಡದಲ್ಲಿ ಎಷ್ಟು ಅರ್ಥಗಳಿವೆ ಎಂಬುದು ನಿಮಗೆ ಗೊತ್ತೇ ಇದೆ. ಅವನ ಹೆಂಡತಿಗೆ ಇನ್ನೂ ಸಮಾಧಾನವಿಲ್ಲವೆಂದು ಕೇಳಿದೆ. ಮನೆಯೊಳಗೆ ಕಚ್ಚುವ ಹುಳು ಬಂದರೆ ಯಾರಿಗೆ ತಾನೇ ಸಮಾಧಾನವಿರುತ್ತದೆ?

ಮೊನ್ನೆ ಹುಡುಗಿಯಿಂದ ಸಂದೇಶ ಬಂದಿದೆ. ಆಹಾರ ತಂದ ಹುಳುವಿನ ಬಾಯಿಂದ ಬೇರೆ ಹುಳುಗಳು ಅದನ್ನು ಕಿತ್ತುಕೊಂಡಂತೆ ಕಾಣುತ್ತದೆ. ಅದು ಕಿತ್ತುಕೊಳ್ಳುವುದೋ, ತಂದವಳೇ ಕೊಡುವುದೋ, ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ, ತಾತ? ನನಗೆ ಗೊತ್ತಿಲ್ಲವಮ್ಮಾ ಎಂದು ಬರೆದಿದ್ದೇನೆ. 1996 ಮತ್ತು 1999ರ ತಂಡಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕೀಟಶಾಸ್ತ್ರ ಓದಿದವರು ನಿಮ್ಮಲ್ಲಿ ಇಬ್ಬರಿದ್ದೀರಿ. ಇದನ್ನು ಓದಿದೊಡನೆ ನನಗೊಂದು ಕರೆ ಮಾಡಿ. ಬೆಳಿಗ್ಗೆ ಹತ್ತರ ಮೇಲಾದರೆ ಒಳ್ಳೆಯದು, ಅಷ್ಟು ಹೊತ್ತಿಗೆ ನನ್ನ ವಾಕಿಂಗ್ ಮುಗಿದಿರುತ್ತದೆ.